ಥೈರಾಯ್ಡ್ ಮಾತ್ರೆ ಶುರು ಮಾಡಿ ಎರಡು ತಿಂಗಳಾಯಿತು, ಮುಟ್ಟು ಮಾತ್ರ ಸರಿಹೋಗಿಲ್ಲ. ಮಾತ್ರೆಯದೇ ತಪ್ಪಾ?

ಸುಮ್ನೆಓದುವವಳು:

ಇಷ್ಟು ದಿನ ಬೇರೆಯವರು ಬರೆದದ್ದನ್ನು ಓದಿಕೊಂಡು ಸುಮ್ನೆ ಹೋಗುತ್ತಿದ್ದೆ. ಈಗ ನಾನೇ ಕೇಳುವ ಹಾಗಾಗಿದೆ. ವಯಸ್ಸು 34. ಮೊದಲೆಲ್ಲ 28–29 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತಿತ್ತು, ಐದನೇ ದಿನಕ್ಕೆ ನಿಲ್ಲುತ್ತಿತ್ತು. ಹೋದ ವರ್ಷದಿಂದ ಎಂಟು, ಒಂಬತ್ತು ದಿನ ಎಳೆಯುತ್ತಿದೆ. ಎರಡನೇ ದಿನವಂತೂ ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ರಾತ್ರಿ ಎರಡು ಸಲ ಎದ್ದು ಪ್ಯಾಡ್ ಬದಲಿಸಬೇಕು. ಜೊತೆಗೆ ಸುಸ್ತು, ಮಲಬದ್ಧತೆ, ಬಾಚಣಿಗೆ ತುಂಬ ಕೂದಲು. ಎಲ್ಲರೂ ಸೆಖೆ ಅಂತ ಫ್ಯಾನ್ ಹಾಕಿದರೆ ನಾನು ಹೊದಿಕೆ ಹುಡುಕುತ್ತೇನೆ.

ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ (ಥೈರಾಯ್ಡ್ ಅನ್ನು ಎಬ್ಬಿಸುವ ಹಾರ್ಮೋನು, ಥೈರಾಯ್ಡ್ ಕಡಿಮೆಯಾದಷ್ಟೂ ಇದು ಏರುತ್ತದಂತೆ) 18, ಫ್ರೀ ಟಿ4 (ಥೈರಾಯ್ಡ್ ಗ್ರಂಥಿಯದೇ ಹಾರ್ಮೋನು) ಕಡಿಮೆ, ಹಿಮೋಗ್ಲೋಬಿನ್ 8.6. ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ ಮತ್ತು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಒಂದು ದಿನವೂ ತಪ್ಪಿಸಿಲ್ಲ. ಆದರೂ ಮಾತ್ರೆ ಶುರುವಾದ ಮೇಲೆ ಮೊದಲ ಸಲ 20 ದಿನಕ್ಕೇ ಮುಟ್ಟು ಬಂತು, ಮುಂದಿನದು 41 ದಿನಕ್ಕೆ. ಏಳು ವಾರ ಬಿಟ್ಟು ಮಾಡಿಸಿದ ಟಿಎಸ್‌ಎಚ್ 15. ಇಷ್ಟೇ ಇಳಿದಿದೆ. "ಆ ಮಾತ್ರೆ ನಿನ್ನ ಮೈಗೆ ಒಗ್ಗುತ್ತಿಲ್ಲ, ಬಿಟ್ಟುಬಿಡು" ಅನ್ನುತ್ತಾರೆ ಅತ್ತಿಗೆ. ಬಿಡಬೇಕಾ? ಇದೆಲ್ಲ ಮಾತ್ರೆಯಿಂದಲೇ ಆಗುತ್ತಿದೆಯಾ?

ಚಿಟ್ಟೆಗೊರಳು:

ಮೊದಲು ಒಂದು ಮಾತು. ನೀವಾಗಿಯೇ ಬಿಡಬೇಡಿ. ಅತ್ತಿಗೆಗೆ ನಿಮ್ಮ ಮೇಲೆ ಅಕ್ಕರೆ ಇದೆ, ಅದು ಸರಿ. ಆದರೆ ಇಲ್ಲಿ ಅವರ ಲೆಕ್ಕ ತಿರುಗುಮುರುಗಾಗಿದೆ.

ನನಗೆ ಹಶಿಮೊಟೊ, ಅಂದರೆ ಮೈಯ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯನ್ನು ಕೆಡಿಸುವ ಕಾಯಿಲೆ, ಬಂದು 11 ವರ್ಷ. (1912ರಲ್ಲಿ ಇದನ್ನು ವಿವರಿಸಿ ಬರೆದ ಜಪಾನಿನ ಡಾಕ್ಟರ ಹೆಸರು ಅದು. ಹೆಸರು ಕೇಳಿದ ತಕ್ಷಣ ಯಾವುದೋ ಸ್ಕೂಟರ್ ಇರಬೇಕು ಅಂದುಕೊಂಡಿದ್ದೆ.) ಮಾತ್ರೆ ನುಂಗಿದ ಮುಂದಿನ ತಿಂಗಳೇ ಎಲ್ಲ ಸರಿಹೋಗುತ್ತದೆ ಅಂತ ನಾನೂ ಕಾದಿದ್ದೆ. ಹಾಗಾಗುವುದಿಲ್ಲ. ಈ ಮಾತ್ರೆ ತಲೆನೋವಿನ ಮಾತ್ರೆಯ ಹಾಗಲ್ಲ. ನುಂಗಿದ್ದರಲ್ಲಿ ಅರ್ಧ ಮೈಯಿಂದ ಖಾಲಿಯಾಗಲು ಸುಮಾರು ಏಳು ದಿನ ಬೇಕು. ದಿನಾ ತೆಗೆದುಕೊಳ್ಳುತ್ತಾ ಹೋದರೆ ರಕ್ತದಲ್ಲಿ ಅದರ ಮಟ್ಟ ಒಂದು ಹದಕ್ಕೆ ಬಂದು ನಿಲ್ಲಲು ಐದಾರು ವಾರ ಹಿಡಿಯುತ್ತದೆ. ಅದಕ್ಕೇ ಡಾಕ್ಟರು ಆರರಿಂದ ಎಂಟು ವಾರ ಬಿಟ್ಟು ಪರೀಕ್ಷೆ ಮಾಡಿಸಿ ಅನ್ನುವುದು. ಸಾಮಾನ್ಯವಾಗಿ ಟಿಎಸ್‌ಎಚ್ 0.4ರಿಂದ 4ರ ಒಳಗೆ ಬಂದು, ಅಲ್ಲೇ ಕೆಲವು ತಿಂಗಳು ನಿಂತ ಮೇಲೆ ಮುಟ್ಟಿನ ಸರದಿ. ಚಳಿ, ಮಲಬದ್ಧತೆ ಮೊದಲು ಹೋದವು ನನಗೆ. ಮುಟ್ಟು ಸರಿಯಾದದ್ದು ನಾಲ್ಕನೇ ತಿಂಗಳಿಗೆ. ಕೂದಲು ಎಲ್ಲದಕ್ಕಿಂತ ಕೊನೆಗೆ.

ಈಗ, ಥೈರಾಯ್ಡ್ ಕಡಿಮೆಯಾದರೆ ಬ್ಲೀಡಿಂಗ್ ಯಾಕೆ ಜಾಸ್ತಿ? ನನ್ನ ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪ್ರತಿ ತಿಂಗಳು ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಹುಟ್ಟುತ್ತದೆ. ಗರ್ಭಕೋಶದ ಒಳಪದರವನ್ನು ಹದವಾಗಿ ಇಡುವುದು ಅದೇ. ಥೈರಾಯ್ಡ್ ಹಾರ್ಮೋನು ಸಾಲದೆ ಹೋದರೆ ಕೆಲವು ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ. ಒಳಪದರ ಬೆಳೆಸುವ ಹಾರ್ಮೋನು ಈಸ್ಟ್ರೋಜನ್ ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ, ಒಳಪದರ ದಪ್ಪವಾಗುತ್ತಲೇ ಹೋಗುತ್ತದೆ. ಕೊನೆಗೆ ಯಾವತ್ತೋ ಹೇಳದೆ ಕೇಳದೆ ಕಳಚಿ ಬೀಳುತ್ತದೆ. ಅದಕ್ಕೇ ಒಮ್ಮೆ 20 ದಿನ, ಒಮ್ಮೆ 41. ಇದರ ಮೇಲೆ ಇನ್ನೊಂದು ಇದೆ. ಥೈರಾಯ್ಡ್ ತುಂಬಾ ಕಡಿಮೆ ಇದ್ದರೆ ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳೂ ಕಡಿಮೆಯಾಗುತ್ತವೆ. ಹೋಗುವುದೂ ಜಾಸ್ತಿ, ನಿಲ್ಲುವುದೂ ತಡ.

ಹಾಗಾಗಿ ನಿಮಗೆ ಆಗುತ್ತಿರುವುದು ಮಾತ್ರೆಯಿಂದ ಅಂತ ನನಗೆ ಅನ್ನಿಸುತ್ತಿಲ್ಲ. ಮಾತ್ರೆ ಇನ್ನೂ ಕೆಲಸವನ್ನೇ ಶುರು ಮಾಡಿಲ್ಲ. ಏಳು ವಾರಕ್ಕೆ 18ರಿಂದ 15 ಅಂದರೆ ನನಗೇಕೋ ಅನುಮಾನ. ಡೋಸ್ ಸಾಲದೆಯೂ ಇರಬಹುದು. ಅದಕ್ಕೂ ಮೊದಲು ಹೇಳಿ, ಎರಡು ಮಾತ್ರೆಗಳನ್ನೂ ಯಾವ ಹೊತ್ತಿಗೆ ತೆಗೆದುಕೊಳ್ಳುತ್ತೀರಿ?

ಅವಸರದವಳು:

ನನಗೂ ಹೀಗೇ ಆಗಿತ್ತು!! ಮೂರು ತಿಂಗಳು ಕ್ಯಾಲೆಂಡರ್ ನೋಡಿ ನೋಡಿ ಸಾಕಾಗಿತ್ತು. ಆಮೇಲೆ ತಾನಾಗಿಯೇ ದಾರಿಗೆ ಬಂತು.

ಸುಮ್ನೆಓದುವವಳು:

ಅಕ್ಕ, ಎರಡನ್ನೂ ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳುತ್ತೇನೆ. ಮರೆಯಬಾರದು ಅಂತ ಎರಡೂ ಒಂದೇ ಡಬ್ಬಿಯಲ್ಲಿಟ್ಟಿದ್ದೇನೆ. ಕಾಲು ಗಂಟೆ ಬಿಟ್ಟು ಕಾಫಿ.

ಲ್ಯಾಬ್‌ಕೋಟು:

ಸಿಕ್ಕಿತು ನೋಡಿ.

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಡಾಕ್ಟರ್ ಅಲ್ಲ. ಆದರೆ ಇಂಥ ರಿಪೋರ್ಟು ಹಿಡಿದು ಮುಖ ಸಪ್ಪಗೆ ಮಾಡಿಕೊಂಡು ನಿಂತವರನ್ನು ಬೇಕಾದಷ್ಟು ನೋಡಿದ್ದೇನೆ. ಕಬ್ಬಿಣ ಮತ್ತು ಲೆವೊಥೈರಾಕ್ಸಿನ್ ಹೊಟ್ಟೆಯಲ್ಲಿ ಒಟ್ಟಿಗೆ ಸೇರಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿಕೊಂಡದ್ದು ಕರುಳಿನಿಂದ ರಕ್ತಕ್ಕೆ ಸರಿಯಾಗಿ ಹೋಗುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ನೀವು ದಿನಾ 50 ನುಂಗುತ್ತಿದ್ದೀರಿ, ಮೈಗೆ ಸೇರಿದ್ದು ಎಷ್ಟೋ! ಕ್ಯಾಲ್ಸಿಯಂ ಮಾತ್ರೆ, ಎದೆಯುರಿಗೆ ಕೊಡುವ ಕೆಲವು ಆಂಟಾಸಿಡ್‌ಗಳದ್ದೂ ಇದೇ ಕಥೆ. ಇವಕ್ಕೂ ಥೈರಾಯ್ಡ್ ಮಾತ್ರೆಗೂ ನಡುವೆ ಕನಿಷ್ಠ ನಾಲ್ಕು ಗಂಟೆ ಬೇಕು. ಕಾಫಿ ಕೂಡ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಥೈರಾಯ್ಡ್ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬೇರೇನೂ ಬೇಡ.

ನಿಮ್ಮದು ಎಂಥ ಸುತ್ತು ನೋಡಿ. ಥೈರಾಯ್ಡ್ ಕಡಿಮೆ, ಅದಕ್ಕೆ ಬ್ಲೀಡಿಂಗ್ ಜಾಸ್ತಿ. ಬ್ಲೀಡಿಂಗ್ ಜಾಸ್ತಿ, ಅದಕ್ಕೆ ಕಬ್ಬಿಣ ಖಾಲಿ. ಕಬ್ಬಿಣ ಖಾಲಿ ಅಂತ ಮಾತ್ರೆ, ಆ ಮಾತ್ರೆ ಹೋಗಿ ಥೈರಾಯ್ಡ್ ಮಾತ್ರೆಗೆ ಅಡ್ಡ. ಸಾಲದ್ದಕ್ಕೆ, ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸಲು ಬಳಸುವ ಕಿಣ್ವಕ್ಕೇ ಕಬ್ಬಿಣ ಬೇಕು. ಕಬ್ಬಿಣ ಬಿಡುವ ಹಾಗೂ ಇಲ್ಲ ಅಂತಾಯಿತು. ಡಬ್ಬಿ ಬೇರೆ ಮಾಡಿ, ಅಷ್ಟೇ. ಡಾಕ್ಟರಿಗೂ ಈ ವಿಷಯ ಹೇಳಿ. ಹೇಳದೆ ಹೋದರೆ 15 ನೋಡಿ ಡೋಸ್ ಏರಿಸುತ್ತಾರೆ. ಆಮೇಲೆ ನೀವು ಕಬ್ಬಿಣದ ಹೊತ್ತು ಬದಲಿಸಿದಾಗ ಅದೇ ಡೋಸ್ ಅತಿಯಾಗುತ್ತದೆ.

ಸುಮ್ನೆಓದುವವಳು:

ಅಯ್ಯೋ. ಯಾರೂ ಹೇಳಲೇ ಇಲ್ಲ! ಚೀಟಿಯಲ್ಲಿ ಎರಡರ ಮುಂದೆಯೂ "ಬೆಳಿಗ್ಗೆ 1" ಅಂತಲೇ ಇದೆ.

ಓಡುವಗಡಿಯಾರ:

ನನ್ನದು ನಿಮ್ಮದಕ್ಕೆ ಪೂರ್ತಿ ಉಲ್ಟಾ. ಇಲ್ಲೇ ಬರೆದುಬಿಡುತ್ತೇನೆ, ಯಾರಿಗಾದರೂ ಆದೀತು.

ಎರಡು ವರ್ಷದ ಹಿಂದೆ ನನ್ನ ಮುಟ್ಟು ಕಡಿಮೆಯಾಗುತ್ತಾ ಬಂತು. ನಾಲ್ಕು ದಿನ ಇದ್ದದ್ದು ಎರಡು ದಿನ, ಆಮೇಲೆ ಒಂದೂವರೆ. ಒಂದು ತಿಂಗಳು ಬರೀ ಕಲೆ. ಆಮೇಲೆ ಎರಡು ತಿಂಗಳು ಪತ್ತೆಯೇ ಇಲ್ಲ. ನಿಜ ಹೇಳಬೇಕೆಂದರೆ ಖುಷಿಪಟ್ಟಿದ್ದೆ. ತೂಕವೂ ಇಳಿಯುತ್ತಿತ್ತು, ಕೇಳಬೇಕೇ! ಕೈ ನಡುಗಿ ಸೂಜಿಗೆ ದಾರ ಪೋಣಿಸಲು ಆಗದೆ ಹೋದಾಗ ಡಾಕ್ಟರ ಹತ್ತಿರ ಹೋದೆ. ಕೂತಲ್ಲೇ ನಾಡಿ 118. ಟಿಎಸ್‌ಎಚ್ ಯಂತ್ರಕ್ಕೆ ಸಿಗದಷ್ಟು ಕಡಿಮೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಅಂದರು.

ಥೈರಾಯ್ಡ್ ಜಾಸ್ತಿಯಾದರೆ ಲೈಂಗಿಕ ಹಾರ್ಮೋನುಗಳನ್ನು ರಕ್ತದಲ್ಲಿ ಹೊತ್ತು ತಿರುಗುವ ಒಂದು ಪ್ರೋಟೀನು ಹೆಚ್ಚಾಗುತ್ತದಂತೆ. ಮಿದುಳಿನಿಂದ ಅಂಡಾಶಯಕ್ಕೆ ಬರುವ ಸಂದೇಶದ ತಾಳವೂ ತಪ್ಪುತ್ತದೆ. ಹಾಗಾಗಿ ಮುಟ್ಟು ಕಡಿಮೆ, ಅಪರೂಪ.

ಥೈರಾಯ್ಡ್ ಇಳಿಸುವ ಕಾರ್ಬಿಮಜೋಲ್ ಮಾತ್ರೆ ಶುರು ಮಾಡಿದ ಮೂರನೇ ತಿಂಗಳಿಗೆ ಮುಟ್ಟು ವಾಪಸ್ ಬಂತು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಆರಾಮಾಗಿದ್ದೇನಲ್ಲ ಅಂತ ಪರೀಕ್ಷೆಗೇ ಹೋಗಲಿಲ್ಲ. ಅದೇ ಡೋಸ್ ಐದು ತಿಂಗಳು ನುಂಗಿದೆ. ಗಾಡಿ ಆ ಬದಿಯಿಂದ ಈ ಬದಿಗೆ ಹೋಗಿ ಬಿತ್ತು. ಈ ಸಲ ಥೈರಾಯ್ಡ್ ಕಡಿಮೆ, ಹತ್ತು ದಿನ ಬ್ಲೀಡಿಂಗ್. ಆಗ ಗೊತ್ತಾಯಿತು, ನನ್ನ ಮುಟ್ಟೇ ನನ್ನ ಮೀಟರ್ ಅಂತ.

ಈ ಔಷಧಿ ತೆಗೆದುಕೊಳ್ಳುವವರಿಗೆ ಇನ್ನೊಂದು. ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ನೆಗಡಿ ಅಂತ ಸುಮ್ಮನಿರಬೇಡಿ. ಅಪರೂಪಕ್ಕೆ ಇದು ಬಿಳಿ ರಕ್ತಕಣಗಳನ್ನು ತುಂಬಾ ಇಳಿಸಿಬಿಡುತ್ತದೆ. ಮಾತ್ರೆ ನಿಲ್ಲಿಸಿ ಅವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು.

ಎರಡನೇಅಭಿಪ್ರಾಯ:

ಎಲ್ಲರೂ ತಾಳಿ. ಮುಟ್ಟಿನ ಎಲ್ಲ ತೊಂದರೆಯನ್ನೂ ಥೈರಾಯ್ಡ್ ತಲೆಗೆ ಕಟ್ಟಬೇಡಿ. ನಾನು ಹಾಗೆ ಮಾಡಿ ಎರಡು ವರ್ಷ ಕಳೆದುಕೊಂಡವಳು.

ನನ್ನ ಟಿಎಸ್‌ಎಚ್ 5.2 ಇತ್ತು, ಫ್ರೀ ಟಿ4 ಸರಿಯಾಗಿತ್ತು. ಅಂದರೆ ಗಡಿ ಸ್ವಲ್ಪ ದಾಟಿದೆ, ಅಷ್ಟೇ. ಬ್ಲೀಡಿಂಗ್ ಮಾತ್ರ ವಿಪರೀತ. ನೋಡಿದ ಡಾಕ್ಟರು "ಥೈರಾಯ್ಡ್ ಇದೆಯಲ್ಲ, ಅದರಿಂದಲೇ" ಅಂದರು. ಮಾತ್ರೆ ತೆಗೆದುಕೊಂಡೆ, ಟಿಎಸ್‌ಎಚ್ 2ಕ್ಕೆ ಬಂತು, ಬ್ಲೀಡಿಂಗ್ ಒಂದಿಷ್ಟೂ ಬದಲಾಗಲಿಲ್ಲ. ಎರಡು ವರ್ಷದ ಮೇಲೆ ಬೇರೊಬ್ಬರು ಹೊಟ್ಟೆ ಸ್ಕ್ಯಾನ್ ಮಾಡಿಸಿದರು. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ. ಅದಕ್ಕೂ ಥೈರಾಯ್ಡ್‌ಗೂ ಸಂಬಂಧವೇ ಇರಲಿಲ್ಲ.

1999ರಲ್ಲಿ ಗ್ರೀಸ್ ದೇಶದ ಡಾಕ್ಟರುಗಳು ಥೈರಾಯ್ಡ್ ಕಡಿಮೆ ಇರುವ 171 ಹೆಂಗಸರನ್ನು ನೋಡಿ ಬರೆದಿದ್ದಾರೆ. ಅವರಲ್ಲಿ ಮುಟ್ಟು ಏರುಪೇರಾಗಿದ್ದವರು ನೂರಕ್ಕೆ ಸುಮಾರು 23. ಉಳಿದವರೆಲ್ಲ ಸರಿಯಾಗಿಯೇ ಮುಟ್ಟಾಗುತ್ತಿದ್ದರು. ಹಾಗಾಗಿ ಥೈರಾಯ್ಡ್ ಇದೆ ಅಂದಮಾತ್ರಕ್ಕೆ ಬೇರೆ ಕಾರಣ ಇರಬಾರದು ಅಂತೇನೂ ಇಲ್ಲ. ಟಿಎಸ್‌ಎಚ್ 18 ಇರುವವರು ಥೈರಾಯ್ಡ್ ಅನ್ನು ದೂರಬಹುದು. ನನ್ನ 5.2ಕ್ಕೆ ಅಷ್ಟು ಶಕ್ತಿ ಎಲ್ಲಿತ್ತು?

ಮೂಲ ಪ್ರಶ್ನೆ ಕೇಳಿದವರಿಗೆ: ಗಡ್ಡೆ ಗಡ್ಡೆಯಾಗಿ ಹೋಗುತ್ತಿದೆ, ಹಿಮೋಗ್ಲೋಬಿನ್ 8.6 ಅನ್ನುತ್ತೀರಿ. ಒಂದು ಸ್ಕ್ಯಾನ್ ಆಗಿದೆಯಾ? 41 ದಿನ ತಡವಾದಾಗ ಗರ್ಭಿಣಿಯೇನೋ ಅಂತ ಪರೀಕ್ಷೆ ಮಾಡಿಕೊಂಡಿರಾ? ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು ಎರಡು ಗಂಟೆಗೂ ಮೀರಿ ಹಾಗೇ ನಡೆದರೆ, ತಲೆಸುತ್ತು ಬಂದರೆ, ಉಸಿರು ಕಟ್ಟಿದರೆ ಇಲ್ಲಿ ಬರೆಯುತ್ತಾ ಕೂರಬೇಡಿ. ಎದ್ದು ಆಸ್ಪತ್ರೆಗೆ ಹೋಗಿ.

ಚಿಟ್ಟೆಗೊರಳು:

ಒಪ್ಪಿದೆ. ಸ್ಕ್ಯಾನ್ ವಿಷಯ ನಾನೇ ಮೊದಲು ಕೇಳಬೇಕಿತ್ತು. ಥೈರಾಯ್ಡ್ ಹದಕ್ಕೆ ಬರುವವರೆಗೆ ಬ್ಲೀಡಿಂಗ್ ತಡೆದುಕೊಂಡೇ ಇರಬೇಕು ಅಂತಲೂ ಇಲ್ಲ. ಆ ನಾಲ್ಕೈದು ದಿನಕ್ಕೆ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಅಂತ ಮಾತ್ರೆ ಇದೆ, ಹಾರ್ಮೋನು ಅಲ್ಲ. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಮೊದಲು ಆಗಿದ್ದವರಿಗೆ ಅದು ಬೇಡ. ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಪ್ರಕೃತಿಪ್ರಿಯ:

ಇಷ್ಟೆಲ್ಲ ಮಾತ್ರೆ ಯಾಕೆ? ಥೈರಾಯ್ಡ್ ಅಂದರೆ ಅಯೋಡಿನ್ ಕೊರತೆ. ಕಡಲಪಾಚಿಯ ಕ್ಯಾಪ್ಸೂಲ್ ತೆಗೆದುಕೊಳ್ಳಿ, ಮುಟ್ಟೂ ಸರಿಹೋಗುತ್ತದೆ.

ಲ್ಯಾಬ್‌ಕೋಟು:

ದಯವಿಟ್ಟು ಬೇಡ. ಅಯೋಡಿನ್ ಕೊರತೆಯಿಂದಲೂ ಥೈರಾಯ್ಡ್ ಬರುತ್ತದೆ, ನಿಜ. ಆದರೆ ಹಶಿಮೊಟೊದಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ಬಿದ್ದಿರುತ್ತದೆ. ಅಲ್ಲಿ ಅಯೋಡಿನ್ ಸುರಿದರೆ ಕೆಡುವುದೇ ಜಾಸ್ತಿ. ಕಡಲಪಾಚಿಯಲ್ಲಿ ಅದು ಎಷ್ಟಿರುತ್ತದೆ ಅಂತ ಅಂದಾಜೂ ಸಿಗುವುದಿಲ್ಲ.

ಕ್ಯಾಪ್ಸೂಲ್ ಅಂದಾಗ ನೆನಪಾಯಿತು. ಕೂದಲು ಉದುರುತ್ತದೆ ಅಂತ ಬಯೋಟಿನ್ ಅನ್ನುವ ವಿಟಮಿನ್ ತೆಗೆದುಕೊಳ್ಳುವವರು ಬಹಳ ಜನ. ಥೈರಾಯ್ಡ್‌ಗೇನೂ ಆಗುವುದಿಲ್ಲ, ಕೆಡುವುದು ನಮ್ಮ ಪರೀಕ್ಷೆ. ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಡೋಸ್ ಅತಿಯಾಗಿದೆ ಅಂತ ಇಳಿಸಿಬಿಡುತ್ತಾರೆ. ಪರೀಕ್ಷೆಗೆ ಎರಡು ದಿನ ಮುಂಚೆಯಾದರೂ ಬಯೋಟಿನ್ ನಿಲ್ಲಿಸಿ. ಪರೀಕ್ಷೆಯ ದಿನ ಥೈರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ಮುಟ್ಟಿನ ಎಷ್ಟನೇ ದಿನ ಬರಬೇಕು ಅಂತ ದಿನಾ ಯಾರಾದರೂ ಕೇಳುತ್ತಾರೆ. ಯಾವ ದಿನವಾದರೂ ಬನ್ನಿ, ಟಿಎಸ್‌ಎಚ್‌ಗೆ ಅದು ಲೆಕ್ಕಕ್ಕಿಲ್ಲ.

ಕಾಯುತ್ತಿರುವವಳು:

ನಾನೂ ಒಂದು ಕೇಳಬಹುದಾ? ಮಗುವಿಗಾಗಿ ಒಂದೂವರೆ ವರ್ಷದಿಂದ ಪ್ರಯತ್ನಿಸುತ್ತಿದ್ದೇವೆ. ಮುಟ್ಟು 45–50 ದಿನಕ್ಕೊಮ್ಮೆ. ಸ್ಕ್ಯಾನ್‌ನಲ್ಲಿ ಅಂಡಾಶಯದ ತುಂಬಾ ಸಣ್ಣ ನೀರುಗುಳ್ಳೆ, ಪಿಸಿಒಎಸ್ (ಹಾರ್ಮೋನು ಏರುಪೇರಿನ ಅಂಡಾಶಯದ ತೊಂದರೆ) ಅಂದರು. ಆಮೇಲೆ ನೋಡಿದರೆ ಟಿಎಸ್‌ಎಚ್ 22, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) 42. ಪ್ರೊಲ್ಯಾಕ್ಟಿನ್ ಜಾಸ್ತಿ ಅಂದರೆ ಮಿದುಳಿನಲ್ಲಿ ಗಡ್ಡೆ ಅಂತ ಎಲ್ಲೋ ಓದಿ ನಿದ್ದೆಯೇ ಹೋಗಿದೆ.

ಚಿಟ್ಟೆಗೊರಳು:

ಮೊದಲು ನಿದ್ದೆ ಮಾಡಿ. ನನಗೂ ಆಗ ಪ್ರೊಲ್ಯಾಕ್ಟಿನ್ ಏರಿತ್ತು.

ಥೈರಾಯ್ಡ್ ಸುಮ್ಮನೆ ಕೂತಾಗ ಮಿದುಳು ಅದನ್ನು ಎಬ್ಬಿಸಲು ಟಿಆರ್‌ಎಚ್ ಅನ್ನುವ ಹಾರ್ಮೋನನ್ನು ಜೋರಾಗಿ ಬಿಡುತ್ತದೆ. ಅದು ಟಿಎಸ್‌ಎಚ್ ಅನ್ನು ಏರಿಸುತ್ತದೆ, ಅದರ ಜೊತೆಗೇ ಪ್ರೊಲ್ಯಾಕ್ಟಿನ್ ಅನ್ನೂ ಏರಿಸಿಬಿಡುತ್ತದೆ. ಮಗನನ್ನು ಎಬ್ಬಿಸಲು ಕೂಗಿದರೆ ಪಕ್ಕದ ಮನೆಯವರೂ ಎದ್ದ ಹಾಗೆ. ಪ್ರೊಲ್ಯಾಕ್ಟಿನ್ ಎದ್ದರೆ ಅಂಡಾಶಯಕ್ಕೆ ಹೋಗುವ ಸಂದೇಶ ಮಂಕಾಗುತ್ತದೆ, ಅಂಡ ಬಿಡುಗಡೆ ತಪ್ಪುತ್ತದೆ. ನೀವು ಹೇಳಿದ ನೀರುಗುಳ್ಳೆಗಳೂ ಥೈರಾಯ್ಡ್ ಕಡಿಮೆ ಇದ್ದಾಗ ಕಾಣಿಸಿಕೊಳ್ಳಬಹುದು. ಪಿಸಿಒಎಸ್ ಅನ್ನುವ ಮೊದಲು ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ತೊಂದರೆ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ನಿಮಗೆ ಕ್ರಮ ಹಿಂದುಮುಂದಾಗಿದೆ. ಥೈರಾಯ್ಡ್ ಹದಕ್ಕೆ ಬಂದ ಮೇಲೆ ಪ್ರೊಲ್ಯಾಕ್ಟಿನ್ ಇನ್ನೊಮ್ಮೆ ನೋಡಿಸಿ. ನನಗೆ ತಾನಾಗಿಯೇ ಇಳಿಯಿತು. ಇಳಿಯದಿದ್ದರೆ ಆಗ ಮುಂದಿನ ಮಾತು.

ಇನ್ನೊಂದು ಮುಖ್ಯ ವಿಷಯ. ಬಸುರಿಯಾದ ತಕ್ಷಣ ಥೈರಾಯ್ಡ್ ಮಾತ್ರೆಯ ಅಗತ್ಯ ಏರುತ್ತದೆ, ಸಾಮಾನ್ಯವಾಗಿ ಕಾಲುಭಾಗದಿಂದ ಮೂವತ್ತು ಶೇಕಡಾ. ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ. ಟೆಸ್ಟ್ ಪಾಸಿಟಿವ್ ಬಂದ ದಿನವೇ ಏನು ಮಾಡಬೇಕು ಅಂತ ಈಗಲೇ ಡಾಕ್ಟರ ಹತ್ತಿರ ಕೇಳಿ ಬರೆಸಿಟ್ಟುಕೊಳ್ಳಿ.

ಓಡುವಗಡಿಯಾರ:

ಇದಕ್ಕೆ ಸೇರಿಸುತ್ತೇನೆ. ಮಗು ಬೇಡ ಅನ್ನುವವರೂ ಕೇಳಿ. ಚಿಕಿತ್ಸೆ ಹಿಡಿದಾಗ ಮೊದಲು ಅಂಡ ಬಿಡುಗಡೆಯಾಗುತ್ತದೆ, ಮುಟ್ಟು ಬರುವುದು ಅದಾದ ಎರಡು ವಾರಕ್ಕೆ. ಮುಟ್ಟೇ ಇಲ್ಲ, ಇನ್ನೇನು ಆಗುತ್ತದೆ ಅಂತ ಧೈರ್ಯವಾಗಿರಬೇಡಿ. ಕಾರ್ಬಿಮಜೋಲ್ ಮೇಲಿರುವಾಗ ಬಸುರಿಯಾದರೆ ಔಷಧಿ ಬದಲಿಸಬೇಕೇ ಅಂತ ಡಾಕ್ಟರು ಕೂಡಲೇ ನೋಡಬೇಕಾಗುತ್ತದೆ, ಮೊದಲ ವಾರಗಳಲ್ಲಿ ಅದು ಮಗುವಿಗೆ ಒಳ್ಳೆಯದಲ್ಲ.

ಅವಸರದವಳು:

ಗರ್ಭನಿರೋಧಕ ಮಾತ್ರೆಗೂ ಇದಕ್ಕೂ ಏನಾದರೂ ಇದೆಯಾ? ಮುಟ್ಟು ಸರಿಮಾಡಲು ಅಂತ ನನಗೆ ಅದನ್ನೂ ಕೊಟ್ಟಿದ್ದಾರೆ.

ಲ್ಯಾಬ್‌ಕೋಟು:

ಇದೆ. ಈಸ್ಟ್ರೋಜನ್ ಇರುವ ಮಾತ್ರೆಯಾದರೆ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ರಕ್ತದಲ್ಲಿ ಹೆಚ್ಚಾಗುತ್ತದೆ. ಲೆವೊಥೈರಾಕ್ಸಿನ್ ಸ್ವಲ್ಪ ಜಾಸ್ತಿ ಬೇಕಾಗಬಹುದು. ಶುರು ಮಾಡಿ ಆರೆಂಟು ವಾರಕ್ಕೆ ಟಿಎಸ್‌ಎಚ್ ನೋಡಿಸಿ, ನಿಲ್ಲಿಸಿದಾಗಲೂ ನೋಡಿಸಿ. ಆ ಮಾತ್ರೆಯ ಮೇಲೆ ಬರುವ ಬ್ಲೀಡಿಂಗ್ ಮಾತ್ರೆ ತರಿಸಿದ್ದು. ಅದು 28 ದಿನಕ್ಕೆ ಬಂತು ಅಂತ ಥೈರಾಯ್ಡ್ ಸರಿಯಾಯಿತು ಅಂದುಕೊಳ್ಳಬೇಡಿ.

ಮನೆಯವರಪರವಾಗಿ:

ಗಂಡಸು ನಾನು, ಮಧ್ಯೆ ಬಂದದ್ದಕ್ಕೆ ಬೇಸರಿಸಬೇಡಿ. ಹೆಂಡತಿಗೆ ಹೆರಿಗೆಯಾಗಿ ಐದು ತಿಂಗಳು. ಎರಡನೇ ತಿಂಗಳಲ್ಲಿ ಎದೆಬಡಿತ, ಬೆವರು ಅನ್ನುತ್ತಿದ್ದಳು. ಈಗ ಏಳಲೂ ಆಗದಷ್ಟು ಸುಸ್ತು, ಮಾತುಮಾತಿಗೆ ಅಳು. ಮುಟ್ಟು ಇನ್ನೂ ಬಂದಿಲ್ಲ. ಹಾಲೂಡಿಸುವಾಗ ಹೀಗೇ ಅಂತ ಎಲ್ಲರೂ ಹೇಳುತ್ತಾರೆ.

ಚಿಟ್ಟೆಗೊರಳು:

ಹಾಲೂಡಿಸುವಾಗ ಮುಟ್ಟು ತಡವಾಗುವುದು ಸಹಜ. ಆದರೆ ಮೊದಲು ಎದೆಬಡಿತ, ಆಮೇಲೆ ಸುಸ್ತು ಅನ್ನುವ ಈ ಸಾಲು ನೋಡಿದರೆ ಟಿಎಸ್‌ಎಚ್, ಫ್ರೀ ಟಿ4 ಮಾಡಿಸಲೇಬೇಕು. ಹೆರಿಗೆಯಾದ ಒಂದು ವರ್ಷದೊಳಗೆ ಥೈರಾಯ್ಡ್ ಗ್ರಂಥಿ ಊದಿಕೊಂಡು, ಮೊದಲು ಇದ್ದ ಹಾರ್ಮೋನನ್ನೆಲ್ಲ ಸುರಿದು, ಆಮೇಲೆ ಖಾಲಿ ಕೂರುವುದಿದೆ. ಬಹಳ ಜನಕ್ಕೆ ಮತ್ತೆ ಸರಿಯಾಗುತ್ತದೆ. ಅಳುವಿನ ವಿಷಯವನ್ನೂ ಡಾಕ್ಟರಿಗೆ ಬಿಡದೆ ಹೇಳಿ, ಬಾಣಂತಿಯ ಮನಸ್ಸು ಕುಗ್ಗುವುದಕ್ಕೆ ಬೇರೆಯೇ ಚಿಕಿತ್ಸೆ ಬೇಕಾಗಬಹುದು. ಇಲ್ಲಿಗೆ ಬಂದು ಕೇಳಿದಿರಲ್ಲ, ಒಳ್ಳೆಯದಾಯಿತು.

ಐವತ್ತರಹೊಸ್ತಿಲು:

47ರಲ್ಲಿ ನಾನು ಮಾಡಿದ್ದು ಉಲ್ಟಾ ತಪ್ಪು. ಬೆವರು, ಎದೆಬಡಿತ, ಮುಟ್ಟು ತಪ್ಪುವುದು, ಎಲ್ಲ ಮುಟ್ಟು ನಿಲ್ಲುವ ವಯಸ್ಸಿನದು ಅಂತ ಸುಮ್ಮನಿದ್ದೆ. ನಿಜವಾಗಿ ನನ್ನ ಲೆವೊಥೈರಾಕ್ಸಿನ್ ಡೋಸ್ ಅತಿಯಾಗಿತ್ತು. ಎಂಟು ಕೆಜಿ ಇಳಿದಿದ್ದೆ, ಡೋಸ್ ಮಾತ್ರ ಹಳೆಯದೇ. ಇಳಿಸಿದ ಮೇಲೆ ಎದೆಬಡಿತ ನಿಂತಿತು, ಮುಟ್ಟೂ ಮತ್ತೆ ಒಂದು ವರ್ಷ ಬಂತು. (ಅದೊಂದು ಬೇಕಿರಲಿಲ್ಲ.) ಹಾಗೇ ಬಿಟ್ಟಿದ್ದರೆ ಮೂಳೆ ಸವೆಯುತ್ತಿತ್ತು ಅಂದರು.

ಸುಮ್ನೆಓದುವವಳು:

ಹತ್ತು ವಾರದ ನಂತರ ಬರೆಯುತ್ತಿದ್ದೇನೆ. ಡಬ್ಬಿ ಬೇರೆ ಮಾಡಿದೆ. ಥೈರಾಯ್ಡ್ ಮಾತ್ರೆ ಹಾಸಿಗೆ ಪಕ್ಕ, ಎದ್ದ ತಕ್ಷಣ. ಕಬ್ಬಿಣ ರಾತ್ರಿ, ಹಲ್ಲುಜ್ಜುವ ಬ್ರಷ್ಷಿನ ಪಕ್ಕ. ಡಾಕ್ಟರಿಗೆ ಹೇಳಿದಾಗ ಅವರು ಡೋಸ್ ಮುಟ್ಟಲಿಲ್ಲ, "ಮೊದಲು ಇದನ್ನು ನೋಡೋಣ" ಅಂದರು. ಅದೇ 50 ಮೈಕ್ರೋಗ್ರಾಮಿನಲ್ಲಿ ಟಿಎಸ್‌ಎಚ್ 15ರಿಂದ 6.1ಕ್ಕೆ ಬಂದಿದೆ! ಈಗ 75 ಮಾಡಿದ್ದಾರೆ. ಹಿಮೋಗ್ಲೋಬಿನ್ 10.9.

ಸ್ಕ್ಯಾನ್ ಮಾಡಿಸಿದೆ, ಗಡ್ಡೆ ಏನೂ ಇಲ್ಲ. ಮುಟ್ಟು ಹೋದ ಸಲ 36 ದಿನಕ್ಕೆ, ಈ ಸಲ 32ಕ್ಕೆ. ಏಳು ದಿನ ಇತ್ತು. ಎರಡನೇ ದಿನ ಇನ್ನೂ ಜಾಸ್ತಿಯೇ, ಆದರೆ ರಾತ್ರಿ ಒಂದೇ ಸಲ ಎದ್ದೆ. ಕೂದಲು ಉದುರುತ್ತಲೇ ಇದೆ. ಅತ್ತಿಗೆ ಈಗಲೂ ಮಾತ್ರೆ ಬಿಡು ಅನ್ನುತ್ತಾರೆ, ದನಿ ಮಾತ್ರ ಸ್ವಲ್ಪ ಸಣ್ಣದಾಗಿದೆ. ಅಂದಹಾಗೆ ಡಾಕ್ಟರು ಕ್ಯಾಲ್ಸಿಯಂ ಕೂಡ ಕೊಟ್ಟಿದ್ದಾರೆ. ಅದನ್ನೂ ರಾತ್ರಿ ಬ್ರಷ್ಷಿನ ಪಕ್ಕ ಇಟ್ಟಿದ್ದೇನೆ.

ಲ್ಯಾಬ್‌ಕೋಟು:

6.1 ನೋಡಿ ನನಗೇ ಖುಷಿಯಾಯಿತು. ಆದರೆ ಕ್ಯಾಲ್ಸಿಯಂ ಅಲ್ಲಿಂದ ಎತ್ತಿಡಿ. ಕಬ್ಬಿಣದ ಜೊತೆ ತೆಗೆದುಕೊಂಡರೆ ಅದು ಕಬ್ಬಿಣಕ್ಕೂ ಅಡ್ಡ ಬರುತ್ತದೆ. ಮಧ್ಯಾಹ್ನ ಊಟದ ಜೊತೆ ತೆಗೆದುಕೊಳ್ಳಿ.

ಸುಮ್ನೆಓದುವವಳು:

ಮೂರನೇ ಡಬ್ಬಿ ತರುತ್ತೇನೆ.